ಮೊದ್ಲು ಐತಿ, ಆಮ್ಯಾಲ ಇಲ್ಲ

ಕಳೆದ ಮಂಗಳವಾರ ಬೆಳಿಗ್ಗೆ, ಮೂವತ್ತು ಜನರ ಎದುರಿಗೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಲೆಗೆ ಒಂದು ಚೀಲ ತೊಡಿಸಿ, ಅದರೊಳಗೆ ಕಹಿ ನೀರು ಹೊಡೆದರು.

ಗಾಬರಿ ಬೇಡ. ಯಾರ ಸಿಟ್ಟಿಗೂ ಸಿಕ್ಕಿರಲಿಲ್ಲ. (ಈ ಅಂಕಣ ಶುರು ಮಾಡಿದ ಮೇಲೆ ಅಂಥದ್ದೊಂದು ದಿನ ಬಂದೇ ಬರುತ್ತದೆ ಅಂತ ನನ್ನ ಹೆಂಡತಿ ಹೇಳುತ್ತಲೇ ಇರುತ್ತಾಳೆ.) ಇದು ಟೆಸ್ಟ್. ಮಾಸ್ಕ್ ಫಿಟ್ ಟೆಸ್ಟ್. ಧೂಳಿನಲ್ಲಿ ಕೆಲಸ ಮಾಡುವವರು ಮೂಗು-ಬಾಯಿಗೆ ಹಾಕಿಕೊಳ್ಳುವ ಮಾಸ್ಕು ಅವರ ಮುಖಕ್ಕೆ ಸರಿಯಾಗಿ ಕೂಡುತ್ತದೋ ಇಲ್ಲವೋ ನೋಡುವ ಪರೀಕ್ಷೆ. ಮೊದಲು ಮಾಸ್ಕ್ ಹಾಕಬೇಕು. ಅದರ ಮೇಲೆ, ಮುಂದೆ ಕಿಟಕಿಯಂಥ ಪ್ಲಾಸ್ಟಿಕ್ ಇರುವ ಚೀಲವನ್ನು ತಲೆಗೆ ಹಾಕುತ್ತಾರೆ. ಸಣ್ಣ ತೂತಿನಿಂದ ಒಳಗೆ ಕಹಿ ಔಷಧ ಸಿಂಪಡಿಸುತ್ತಾರೆ. ಮಾಸ್ಕ್ ಬಿಗಿಯಾಗಿದ್ದರೆ ಬಾಯಿಗೆ ಏನೂ ಗೊತ್ತಾಗುವುದಿಲ್ಲ. ಎಲ್ಲೋ ಸಂದು ಇದ್ದರೆ ನಾಲಿಗೆ ಕಹಿಯಾಗುತ್ತದೆ. ಕಹಿ ಬಂದ ದಾರಿಯಲ್ಲೇ ನಾಳೆ ಧೂಳೂ ಬರುತ್ತದೆ ಅಂತ ಲೆಕ್ಕ.

ನಿಮಗೊಂದು ವಿಷಯ ಗೊತ್ತಿರಲಿ. ಈ ಟೆಸ್ಟಿನಲ್ಲಿ ಮೀಟರಿಲ್ಲ, ಮುಳ್ಳಿಲ್ಲ, ಕೆಂಪು ಲೈಟಿಲ್ಲ. ಒಳಗೆ ಕೂತವನನ್ನು ಕೇಳುತ್ತಾರೆ, ಕಹಿ ಇದೆಯಾ? ಅವನು ಏನು ಹೇಳುತ್ತಾನೋ ಅದೇ ರಿಸಲ್ಟು.

ನನಗೆ ಕಹಿ ಬರಲಿಲ್ಲ. ಮಾಸ್ಕ್ ನನ್ನ ಮುಖಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಡೆಮೋ ಭರ್ಜರಿಯಾಗಿ ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಯಾರು? ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು. ನನ್ನ ಜೀವನದ ಒಟ್ಟು ಧೂಳು ಅಂದರೆ ಸೀಮೆಸುಣ್ಣದ್ದು.

ಹಾಗಾದರೆ ನಾನು ಅಲ್ಲಿಗೆ ಯಾಕೆ ಹೋಗಿದ್ದೆ? ಹರಪನಹಳ್ಳಿಯಲ್ಲಿ ಇಂಗ್ಲಿಷ್ ಮೇಷ್ಟ್ರಿಗೆ ಪಾಠಕ್ಕಿಂತ ಬೇರೆ ಕೆಲಸವೇ ಹೆಚ್ಚು. ಸೌದಿಗೆ ಹೋದವನ ವೀಸಾ ಕಾಗದ ಓದಬೇಕು. ಪಂಪ್‌ಸೆಟ್ಟಿನ ಡಬ್ಬದ ಮೇಲೆ ಏನು ಬರೆದಿದೆ ಹೇಳಬೇಕು. ಬೀಗರ ಲಗ್ನಪತ್ರಿಕೆಯಲ್ಲಿ ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್’ ಎಲ್ಲಿ ಬರಬೇಕು ತೋರಿಸಬೇಕು. ಹಾಗೆಯೇ ಕೊಟ್ಟೂರು ರಸ್ತೆಯ ಪೌಡರ್ ಫ್ಯಾಕ್ಟರಿಯವರೂ ಕರೆಯುತ್ತಾರೆ. ಅಲ್ಲಿ ಟೆಸ್ಟ್ ಮಾಡಲು ಬರುವ ಟ್ರೇನರ್ ಚೆನ್ನೈನವರು. ಅವರಿಗೆ ತಮಿಳು ಬರುತ್ತದೆ, ಇಂಗ್ಲಿಷ್ ಬರುತ್ತದೆ. ಹಿಂದಿ ಇಲ್ಲ, ಕನ್ನಡ ಇಲ್ಲ. ಅವರಿಗೂ ಕಾರ್ಮಿಕರಿಗೂ ನಡುವೆ ನಾನು.

ಪೌಡರ್ ಫ್ಯಾಕ್ಟರಿ ಅಂದರೆ ಮುಖಕ್ಕೆ ಹಚ್ಚುವ ಪೌಡರ್ ಅಲ್ಲ. ಬೆಣಚುಕಲ್ಲು ತಂದು, ಒಡೆದು, ದೊಡ್ಡ ಗಿರಣಿಯಲ್ಲಿ ಬೀಸಿ ಹಿಟ್ಟು ಮಾಡುತ್ತಾರೆ. ಮೈದಾಕ್ಕಿಂತ ನಯ. ಗಾಜಿಗೆ, ಟೈಲ್ಸಿಗೆ, ಪೇಂಟಿಗೆ ಹೋಗುತ್ತದೆ. ಪುಪ್ಪುಸಕ್ಕೂ ಹೋಗುತ್ತದೆ. ಅಲ್ಲಿ ಕೂತರೆ ಮತ್ತೆ ಏಳುವುದಿಲ್ಲ. ಅದರಿಂದ ಬರುವ ರೋಗಕ್ಕೆ ನಮ್ಮ ಕಡೆ ಹೆಸರಿಲ್ಲ. ಕೆಮ್ಮಿ ಕೆಮ್ಮಿ ಸೊರಗಿದರೆ ಟಿಬಿ ಅಂತಾರೆ, ಟಿಬಿಯ ಗುಳಿಗೆ ನುಂಗುತ್ತಾರೆ, ಸಾಯುತ್ತಾರೆ.

ಎರಡು ವರ್ಷದ ಹಿಂದೆ ನಾನು ಮೊದಲ ಸಲ ಹೋದಾಗಿನ ಕತೆ ಮೊದಲು ಹೇಳಬೇಕು. ಇಲ್ಲದಿದ್ದರೆ ಮಂಗಳವಾರದ್ದು ನಿಮಗೆ ಅರ್ಥವಾಗುವುದಿಲ್ಲ.

ಫ್ಯಾಕ್ಟರಿಯವರು ತಾವಾಗೇ ಎಚ್ಚೆತ್ತು ಟೆಸ್ಟ್ ಮಾಡಿಸಿದ್ದಲ್ಲ. ಮಾಲು ಕೊಳ್ಳುವ ಹೊರದೇಶದ ಪಾರ್ಟಿ ಕೇಳಿತಂತೆ, ಗಿರಣಿಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನ ಫಿಟ್ ಟೆಸ್ಟ್ ಶೀಟು ಬೇಕು ಅಂತ. ಮ್ಯಾನೇಜರ್ ಒಂದೇ ಸೈಜಿನ ಮಾಸ್ಕುಗಳನ್ನು ಪೆಟ್ಟಿಗೆಗಟ್ಟಲೆ ತರಿಸಿದರು. ಚಪ್ಪಲಿಗೆ ಸೈಜುಂಟು, ಬನಿಯನ್‌ಗೆ ಸೈಜುಂಟು. ಕೂಲಿ ಮಾಡುವವನ ಮುಖಕ್ಕೆ ಎಂಥ ಸೈಜು?

ಟೆಸ್ಟಿನಲ್ಲಿ ಎರಡು ಹಂತ. ಮೊದಲು ಮಾಸ್ಕ್ ಇಲ್ಲದೆ ಚೀಲ ಹಾಕಿ ಸಿಂಪಡಿಸುತ್ತಾರೆ. ಅವನ ನಾಲಿಗೆಗೆ ಆ ಕಹಿ ಗೊತ್ತಾಗುತ್ತದೋ ಇಲ್ಲವೋ ನೋಡಲಿಕ್ಕೆ. ಆಮೇಲೆ ಮಾಸ್ಕ್ ಹಾಕಿ ಇನ್ನೊಮ್ಮೆ.

ಮೊದಲು ಕೂತವರು ನರೆಗೂದಲಿನ ಹಿರಿಯರು. ಮಾಸ್ಕಿಲ್ಲ. ಟ್ರೇನರ್ ಸಿಂಪಡಿಸಿದರು. ಹಿರಿಯರು ಮುಖ ಕಿವುಚಿದರು. ಹ್ಯಾಂಗೈತ್ರಿ ಅಂತ ಕೇಳಿದೆ.

“ಚಲೋ ಐತ್ರಿ.”

ಟ್ರೇನರ್ ನನ್ನ ಕಡೆ ನೋಡಿದರು. ಚೆನ್ನಾಗಿದೆಯಂತೆ ಅಂದೆ. ಅವರು ಬಾಟಲಿ ಎತ್ತಿ ಲೇಬಲ್ ಓದಿದರು. ಇನ್ನಷ್ಟು ಸಿಂಪಡಿಸಿದರು. ಹಿರಿಯರ ಕಣ್ಣಲ್ಲಿ ನೀರು ಬಂತು. ಆದರೂ ಚಲೋ ಐತಿ. ಎರಡನೆಯವರಿಗೂ ಚಲೋ ಐತಿ. ಮೂರನೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾಕ್ರಿ, ಭಾಳ ಆತು ಅಂದರು.

ತಂಬಾಕು ಹಾಕಿ ಹಾಕಿ ಇವರ ನಾಲಿಗೆ ಸತ್ತಿರಬೇಕು ಅಂತ ಟ್ರೇನರ್ ಎಲ್ಲರನ್ನೂ ಬಾಯಿ ಮುಕ್ಕಳಿಸಲು ಕಳಿಸಿದರು. ಪಾಪ, ಅವರಿಗೇನು ಗೊತ್ತು? ನಾಲಿಗೆ ಸತ್ತಿರಲಿಲ್ಲ. ನಮ್ಮ ಕಡೆ ಪರ ಊರಿನವರು ಕೈಯಾರೆ ಬಾಯಿಗೆ ಏನಾದರೂ ಕೊಟ್ಟರೆ, ಅದು ಕಹಿ ಅಂತ ಮುಖಕ್ಕೆ ಹೇಳುವ ಪದ್ಧತಿ ಇಲ್ಲ. ಉಪ್ಪಿಲ್ಲದ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡು, ಅಡುಗಿ ಭಾಳ ಚಲೋ ಆಗಿತ್ರಿ ಅಂದು ಎದ್ದು ಬರುವ ಜನ ನಾವು. ಅಷ್ಟು ದೂರದಿಂದ ಬಂದ ಮನುಷ್ಯನಿಗೆ, ನಿಮ್ಮ ಔಷಧಿ ಕೆಟ್ಟದಾಗಿದೆ ಅಂತ ಹೇಳುವುದುಂಟೆ?

ನಾನು ಮತ್ತೆ ಎಲ್ಲರಿಗೂ ಬಿಡಿಸಿ ಹೇಳಿದೆ. ಮಾಸ್ಕಿಲ್ಲದಾಗ ಕಹಿ ಬರಲೇಬೇಕು, ಬಂದರೆ ಹೇಳಬೇಕು. ಮಾಸ್ಕ್ ಹಾಕಿದಾಗ ಬರಬಾರದು, ಬಂದರೆ ಅದನ್ನೂ ಹೇಳಬೇಕು. ಎಲ್ಲರೂ ತಲೆಯಾಡಿಸಿದರು. ಗೋಡೆಗೆ ಒರಗಿ ನಿಂತಿದ್ದ ಮೇಸ್ತ್ರಿಗೆ ನನ್ನ ಭಾಷಣ ಉದ್ದವಾಯಿತು ಅನಿಸಿರಬೇಕು. ಆತ ಒಂದೇ ಮಾತಿನಲ್ಲಿ ಮುಗಿಸಿದ.

“ಏನಿಲ್ರೋ. ಮೊದ್ಲು ಐತಿ ಅನ್ರಿ, ಆಮ್ಯಾಲ ಇಲ್ಲ ಅನ್ರಿ.”

ಆಮೇಲೆ ಗಾಡಿ ಸರಾಗ ಓಡಿತು. ಒಬ್ಬರ ಹಿಂದೆ ಒಬ್ಬರು ಕೂತರು. ಐತಿ, ಇಲ್ಲ. ಐತಿ, ಇಲ್ಲ. ಕೂತವರೆಲ್ಲ ಪಾಸು. ಟ್ರೇನರ್‌ಗೆ ಸಂತೋಷ, ಮ್ಯಾನೇಜರ್‌ಗೆ ಸಂತೋಷ. ಮೇಸ್ತ್ರಿಯ ಆ ಒಂದು ಮಾತನ್ನು ನಾನು ಟ್ರೇನರ್‌ಗೆ ಅನುವಾದ ಮಾಡಿದೆನಾ? ಮಾಡಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನಡುವೆ ಚಹಾಕ್ಕೆ ಬಿಟ್ಟರು. ಆಗ ಇಮಾಮಣ್ಣ ನನ್ನ ಹತ್ತಿರ ಬಂದ.

ಇಮಾಮ್‌ಸಾಬ್ ನಮ್ಮ ಓಣಿಯವನು. ನನಗಿಂತ ಆರು ವರ್ಷ ದೊಡ್ಡವನು. (ಹೆಸರು, ರಸ್ತೆ, ಗುರುತು ಎಲ್ಲ ಬದಲಿಸಿ ಬರೆದಿದ್ದೇನೆ. ಈ ಸಲವಾದರೂ ನನ್ನಿಂದ ಅವನ ಕೆಲಸ ಹೋಗಬಾರದು.) ಅಪ್ಪನ ಕಾಲದಿಂದ ಮೆಕ್ಯಾನಿಕ್ ಮನೆತನ. ಬಸ್ ಸ್ಟ್ಯಾಂಡಿನ ಪಕ್ಕ ಪಂಕ್ಚರ್ ಅಂಗಡಿ ಇತ್ತು. ಅಲ್ಲೇ ಒಮ್ಮೆ ಲಾರಿ ಟೈರಿಗೆ ಗಾಳಿ ತುಂಬುವಾಗ ಕಬ್ಬಿಣದ ರಿಂಗ್ ಹಾರಿ ಎಡಗೆನ್ನೆಗೆ ಬಡಿಯಿತು. ಮೂಳೆ ಒಳಗೆ ಹೋಯಿತು, ಹಾಗೇ ಕೂಡಿಕೊಂಡಿತು. ಈಗಲೂ ಅಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು. ಅಂಗಡಿ ಮುಚ್ಚಿದ ಮೇಲೆ ಪೌಡರ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿ ಸೇರಿದ. ಗಿರಣಿಯ ಸದ್ದು ಕೇಳಿ ಯಾವ ಬೇರಿಂಗ್ ಹೋಗಿದೆ ಅಂತ ಗೇಟಿನಲ್ಲೇ ನಿಂತು ಹೇಳುವ ಮನುಷ್ಯ. ಆ ವರ್ಷ ಅವನನ್ನು ಪರ್ಮನೆಂಟ್ ಮಾಡುತ್ತೇವೆ ಅಂದಿದ್ದರು.

ಚಹಾದ ಕಪ್ಪು ಕೈಯಲ್ಲಿ ಹಿಡಿದು ಕೇಳಿದ, ಸರ, ನಾ ಏನಂತ ಹೇಳ್ಬೇಕ್ರಿ? ಮಾಸ್ಕ್ ಹಾಕಿಕೊಂಡರೆ ಎಡಗಡೆ ಗಾಳಿ ಆಡುತ್ತದೆ ಅಂತ ಅವನಿಗೆ ಆಗಲೇ ಗೊತ್ತಿತ್ತು.

ನಾನೇನು ಹೇಳಿದೆ ಗೊತ್ತೆ? ಇಪ್ಪತ್ತು ವರ್ಷ ಪಾಠ ಹೇಳಿದವನ ಗತ್ತಿನಲ್ಲಿ ಹೇಳಿದೆ.

“ಇದ್ದದ್ದು ಇದ್ದಂಗ ಹೇಳಣ್ಣ. ನಿನ್ನ ಒಳ್ಳೇದಕ್ಕ ಮಾಡ್ತಾರ.”

ಗಾದೆಯಲ್ಲಿ ಇದ್ದದ್ದು ಇದ್ದಂಗೆ ಹೇಳಿದವನ ಗತಿ ಏನಾಯಿತು ಅಂತ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಎದ್ದು ಬಂದು ಎದೆಗೆ ಒದ್ದರಂತೆ. ನನಗೆ ಆ ಕ್ಷಣಕ್ಕೆ ನೆನಪಾಗಲಿಲ್ಲ.

ಮಾಸ್ಕ್ ಹಾಕಿಕೊಂಡು ತಲೆಯನ್ನು ಆ ಕಡೆ ಈ ಕಡೆ ಹೊರಳಿಸಬೇಕು, ಮೇಲೆ ಕೆಳಗೆ ಮಾಡಬೇಕು, ಬಗ್ಗಬೇಕು, ಮಾತಾಡಬೇಕು. ಕೆಲಸ ಮಾಡುವಾಗ ಯಾರೂ ಗೊಂಬೆಯ ಹಾಗೆ ನಿಂತಿರುವುದಿಲ್ಲವಲ್ಲ, ಅದಕ್ಕೆ. ಏನು ಮಾತಾಡಲಿ ಅಂತ ಹೆಚ್ಚಿನವರು ಒಂದು ಎರಡು ಎಣಿಸಿದರು. ಇಮಾಮಣ್ಣ ಮಾತ್ರ ಬಸ್ ಸ್ಟ್ಯಾಂಡಿನ ಪಕ್ಕ ಬೆಳೆದವನಲ್ಲವೆ? ಬಸ್ಸಿಗೆ ಜನ ಕೂಗುವ ಏಜೆಂಟರ ಧಾಟಿಯಲ್ಲಿ ಶುರು ಮಾಡಿದ. ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿ, ಹೊಸಪೇಟಿ. ಒಂದೇ ಉಸಿರು. ಹೊಸಪೇಟೆ ಮುಟ್ಟಿ, ಉಸಿರು ಉಳಿದಿದೆ ಅಂತ ಹಡಗಲಿಗೂ ಕೂಡ್ಲಿಗಿಗೂ ಒಂದೊಂದು ಗಾಡಿ ಬಿಟ್ಟ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಹಿ ಐತೇನಣ್ಣ ಅಂತ ಕೇಳಿದೆ. ಐತ್ರಿ ಸರ, ಈ ಎಡಗಡಿಯಿಂದ ಬರ್ತೈತಿ ಅಂತ ಬೆರಳಿಟ್ಟು ತೋರಿಸಿದ.

ಟ್ರೇನರ್‌ಗೆ ಎಷ್ಟು ಖುಷಿ! ಬೆಳಗಿನಿಂದ ಒಬ್ಬನಾದರೂ ಫೇಲಾಗಲಿಲ್ಲವಲ್ಲ ಅಂತ ಅವರಿಗೂ ಒಳಗೊಳಗೆ ಅನುಮಾನ ಇತ್ತೋ ಏನೋ. ಪಟ್ಟಿ ಬಿಗಿ ಮಾಡಿ ನೋಡಿದರು, ಸಡಿಲ ಮಾಡಿ ನೋಡಿದರು. ಮೂರು ಸಲ ಮಾಡಿದರು. ಮೂರು ಸಲವೂ ಕಹಿ. ಈ ಮಾಸ್ಕ್ ಈ ಮುಖಕ್ಕೆ ಆಗುವುದಿಲ್ಲ, ಬೇರೆ ಸೈಜು ತರಿಸಿ, ಅದೂ ಆಗದಿದ್ದರೆ ತಲೆ ಪೂರ್ತಿ ಮುಚ್ಚಿ ಒಳಗೆ ಗಾಳಿ ಬಿಡುವ ಬೇರೆ ತರದ್ದು ಇದೆ, ಅದನ್ನು ತರಿಸಿ ಅಂತ ಮ್ಯಾನೇಜರ್‌ಗೆ ಒತ್ತಿ ಹೇಳಿದರು. ನಾನು ಒತ್ತಿ ಅನುವಾದ ಮಾಡಿದೆ. ಆರ್ಡರ್ ಹಾಕ್ತೀವಿ ಸರ್ ಅಂದರು ಮ್ಯಾನೇಜರ್. ನನಗೆ ಒಂದು ಶಾಲು ಹೊದಿಸಿದರು. ನೆನಪಿಗೆ ಇರಲಿ ಅಂತ ಒಂದು ಮಾಸ್ಕನ್ನೂ ಕೊಟ್ಟರು. ನಾನು ಅದನ್ನು ಅಟ್ಟದ ಮೇಲಿನ ಹಳೇ ಪುಸ್ತಕ ಕೊಡವುವಾಗ ಹಾಕಿಕೊಳ್ಳುತ್ತೇನೆ.

ಶೀಟಿನಲ್ಲಿ ಹೆಸರು, ಹೆಸರಿನ ಮುಂದೆ ರಿಸಲ್ಟು. ಎಲ್ಲರ ಹೆಸರಿನ ಮುಂದೆ ‘ಫಿಟ್’. ಇಮಾಮ್‌ಸಾಬ್ ಹೆಸರಿನ ಮುಂದೆ ‘ಅನ್‌ಫಿಟ್’.

ಹದಿನೈದು ದಿನಕ್ಕೆ ಅವನನ್ನು ಗೇಟಿನಲ್ಲೇ ನಿಲ್ಲಿಸಿದರು. ಹೊರದೇಶದ ಪಾರ್ಟಿಗೆ ಕಳಿಸುವ ಶೀಟಿನಲ್ಲಿ ಒಂದೂ ಅನ್‌ಫಿಟ್ ಇರಬಾರದು. ಇರಬಾರದು ಅಂದರೆ ದಾರಿ ಎರಡು. ಮಾಸ್ಕ್ ಬದಲಿಸಬೇಕು, ಇಲ್ಲ ಮನುಷ್ಯನನ್ನು ತೆಗೆಯಬೇಕು. ಎರಡನೆಯದು ಸಲೀಸು. ಒಂದು ಹಾಳೆಯಲ್ಲಿ ಒಂದು ಸಾಲು ಕಡಿಮೆ, ಅಷ್ಟೇ.

ನನಗೆ ತಡೆಯಲಾಗಲಿಲ್ಲ. ಫ್ಯಾಕ್ಟರಿಗೆ ಹೋಗಿ ಕೇಳಿದೆ. ಅನ್‌ಫಿಟ್ ಆದದ್ದು ಮಾಸ್ಕ್ ಕಣ್ರೀ, ಆತನಲ್ಲ ಅಂದೆ. ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ, ನನಗೆ ಕುರ್ಚಿ ಕೊಟ್ಟು ನೀರು ತರಿಸಿದರು. ಫೈಲು ತೆಗೆದು ಶೀಟು ತೋರಿಸಿದರು. ಕೆಳಗೆ ‘ಭಾಷಾಂತರಕಾರ’ ಅಂತ ಇದ್ದ ಕಡೆ ನನ್ನ ಸಹಿ ಇತ್ತು.

“ನೀವ ಅಲ್ರೀ ಸರ್ ಹೇಳಿದ್ದು, ಕಹಿ ಐತಂತ?”

ನಾನು ನೀರು ಕುಡಿದು ಎದ್ದು ಬಂದೆ.

ಸುಳ್ಳು ಹೇಳಿದ ಅಷ್ಟೂ ಮಂದಿ ಮರುದಿನದಿಂದ ಯಥಾಪ್ರಕಾರ ಕೆಲಸಕ್ಕೆ ಹೋದರು. ಅವರಲ್ಲಿ ಎಷ್ಟು ಜನರ ಮಾಸ್ಕಿನಲ್ಲಿ ಸಂದಿತ್ತು? ದೇವರಿಗೆ ಗೊತ್ತು, ಅವರ ನಾಲಿಗೆಗೆ ಗೊತ್ತು. ನಾನೇನು ಅವರ ಮೇಲೆ ಬೆರಳು ತೋರಿಸುತ್ತಿಲ್ಲ. ಅನ್ನ ಬೇಕೋ ನಿಜ ಬೇಕೋ ಅಂತ ಕೇಳುವ ಪರೀಕ್ಷೆಯಲ್ಲಿ ಹೊಟ್ಟೆ ತುಂಬಿದವರು ಮಾತ್ರ ನಿಜ ಬೇಕು ಅಂತಾರೆ. ಅದನ್ನೂ ಸಾಮಾನ್ಯವಾಗಿ ಬೇರೆಯವರಿಗೆ ಹೇಳಿಕೊಡುತ್ತಾರೆ. ನನ್ನ ಹಾಗೆ.

ಇಮಾಮಣ್ಣ ನನ್ನ ಮೇಲೆ ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಗುಡ್ಡದ ಬುಡದಲ್ಲಿರುವ ಒಂದು ಜಲ್ಲಿ ಕ್ರಷರಿನಲ್ಲಿ ಸೇರಿಕೊಂಡ. ಅಲ್ಲಿ ಟೆಸ್ಟಿಲ್ಲ, ಯಾಕೆಂದರೆ ಮಾಸ್ಕೇ ಇಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತಾರೆ. ಟವೆಲ್ಲಿಗೆ ಫಿಟ್ಟೂ ಇಲ್ಲ, ಅನ್‌ಫಿಟ್ಟೂ ಇಲ್ಲ. ಒಳಗೆ ಹೋಗುವ ಧೂಳಿನ ಬಗ್ಗೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ನಿಜ ಹೇಳಿದ್ದಕ್ಕೆ ಅವನಿಗೆ ಸಿಕ್ಕ ಜಾಗ ಅದು.

ಎರಡು ವರ್ಷ ಹೀಗೇ ಹೋಯಿತು. ನಡುನಡುವೆ ಓಣಿಯಲ್ಲಿ ಸಿಗುತ್ತಿದ್ದ. ಸೈಕಲ್ ತುಳಿಯುವುದು ಬಿಟ್ಟು ತಳ್ಳಿಕೊಂಡು ಬರುವುದು ಶುರು ಮಾಡಿದ್ದ. ಚೈನ್ ಸಡ್ಲ ಆಗೈತ್ರಿ ಅನ್ನುತ್ತಿದ್ದ. ಲಾರಿ ಎಂಜಿನ್ ಬಿಚ್ಚಿ ಜೋಡಿಸುವವನಿಗೆ ಸೈಕಲ್ ಚೈನ್ ಬಿಗಿ ಮಾಡಲು ಬರುವುದಿಲ್ಲವೆ? ನಾನು ಕೇಳಲಿಲ್ಲ.

ಹೋದ ತಿಂಗಳು ಒಂದು ಸಂಜೆ ಮನೆಗೆ ಬಂದ. ಕಟ್ಟೆಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡು ವಿಷಯ ಹೇಳಿದ. ಪೌಡರ್ ಫ್ಯಾಕ್ಟರಿಯ ದೊಡ್ಡ ಗಿರಣಿ ವಾರಕ್ಕೊಮ್ಮೆ ನಿಲ್ಲುತ್ತಿದೆಯಂತೆ. ಅವನ ಹಾಗೆ ಅದರ ಸದ್ದು ಬಲ್ಲವರು ಇಲ್ಲ. ವಾಪಸ್ ಬಾ, ಬಂದ ದಿನವೇ ಪರ್ಮನೆಂಟ್ ಅಂತ ಹೇಳಿ ಕಳಿಸಿದ್ದಾರೆ. ಒಂದೇ ಷರತ್ತು. ಟೆಸ್ಟ್ ಪಾಸಾಗಬೇಕು.

ಅವನ ಮಗಳು ನಮ್ಮ ಕಾಲೇಜಿನಲ್ಲೇ ಸೆಕೆಂಡ್ ಪಿಯುಸಿ. ಮೊದಲ ಬೆಂಚಿನ ಹುಡುಗಿ, ನೋಟ್ಸಿನಲ್ಲಿ ಒಂದು ಕಾಮಾ ಬಿಟ್ಟರೂ ಎದ್ದು ಕೇಳುತ್ತಾಳೆ. ಟೀಚರ್ ಆಗಬೇಕಂತೆ. ಆಕಿ ಓದು ಮುಗಿಯೋ ಮಟ ನಾ ಒಂದು ಕಡಿ ನಿಂದ್ರಬೇಕ್ರಿ ಸರ ಅಂದ. ಕ್ರಷರಿನ ಕೆಲಸ ಮಳೆಗಾಲದಲ್ಲಿ ನಿಲ್ಲುತ್ತದೆ, ಕೆಮ್ಮಿದವನನ್ನು ಮರುದಿನ ಕರೆಯುವುದಿಲ್ಲ.

ಅವನ ಎದುರಿಗೇ ಮ್ಯಾನೇಜರ್‌ಗೆ ಫೋನ್ ಹಚ್ಚಿದೆ. ಬೇರೆ ಸೈಜಿನ ಮಾಸ್ಕ್ ಬಂತೇ ಅಂತ ಕೇಳಿದೆ. ಹಳೇ ಸ್ಟಾಕೇ ಇನ್ನೂ ಐತಲ್ರಿ ಸರ್, ಮುಗೀಲಿ ಅಂದರು. ನಾನು ದನಿ ಏರಿಸಿದೆ. ನೋಡೋಣ್ರಿ ಅಂದು ಇಟ್ಟುಬಿಟ್ಟರು. ಪೇಪರಿನಲ್ಲಿ ಬರೀತೀನಿ, ಲೇಬರ್ ಆಫೀಸಿಗೆ ಅರ್ಜಿ ಹಾಕ್ತೀನಿ, ಟ್ರೇನರ್ ಎದುರಿಗೇ ಕೇಳ್ತೀನಿ ಅಂತ ಇಮಾಮಣ್ಣನ ಮುಂದೆ ಕೂಗಾಡಿದೆ. ನಾನು ಮುಗಿಸಿದ ಮೇಲೆ ಅವನು ಅಂದ.

“ಸರ, ಈ ಸಲ ನೀವು ಏನೂ ಹೇಳಬ್ಯಾಡ್ರಿ.”

ಸಿಟ್ಟಿಲ್ಲ, ಚುಚ್ಚುವ ದನಿಯೂ ಇಲ್ಲ. ಕೇಳಿಕೊಳ್ಳುವ ದನಿ. ನನ್ನ ಜನ್ಮದಲ್ಲಿ ಯಾರೂ ನನಗೆ ಇಷ್ಟು ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿರು ಅಂತ ಹೇಳಿರಲಿಲ್ಲ.

ಹೀಗೆ ಮಂಗಳವಾರ ಬಂತು. ಅದೇ ಟ್ರೇನರ್, ಅದೇ ಚೀಲ, ಅದೇ ಪೆಟ್ಟಿಗೆಯ ಮಾಸ್ಕು. ಮೇಸ್ತ್ರಿಗೆ ಈ ಸಲ ಹೇಳಿಕೊಡುವ ಕೆಲಸವೇ ಇರಲಿಲ್ಲ, ಎಲ್ಲರಿಗೂ ಬಾಯಿಪಾಠ. ಡೆಮೋಕ್ಕೆ ನಾನು ಕೂತೆ, ಪಾಸಾದೆ. ಆ ಚಪ್ಪಾಳೆ ನಿಮಗೆ ಆಗಲೇ ಹೇಳಿದೆನಲ್ಲ.

ಇಮಾಮಣ್ಣನ ಸರದಿ ಬಂದಾಗ ಊಟದ ಹೊತ್ತಾಗಿತ್ತು. ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಮಾಸ್ಕಿಲ್ಲದೆ ಸಿಂಪಡಿಸಿದರು. ಐತಿ ಅಂದ. ಮಾಸ್ಕ್ ಹಾಕಿಕೊಂಡ. ಪಟ್ಟಿಗಳನ್ನು ಕಿವಿಯ ಹಿಂದೆ ಕೆಂಪಗೆ ಬರೆ ಬೀಳುವಷ್ಟು ಎಳೆದ. ಎಡಗೆನ್ನೆಯ ತಗ್ಗು ಮಾತ್ರ ತಗ್ಗಾಗಿಯೇ ಇತ್ತು. ಚೀಲ ಹಾಕಿದರು. ಟ್ರೇನರ್ ಪಕ್ಕಕ್ಕೆ ನಿಂತು ಸಿಂಪಡಿಸುತ್ತಿದ್ದರು. ಕಿಟಕಿಯ ಎದುರಿಗೆ ನಾನೊಬ್ಬನೇ ಇದ್ದೆ.

ತಲೆ ಹೊರಳಿಸಿದ. ಮೇಲೆ ಕೆಳಗೆ ಮಾಡಿದ. ಬಗ್ಗಿ ಎದ್ದ. ಮಾತಾಡು ಅಂದೆ.

ಹರಪನಹಳ್ಳಿ ಅಂದ. ಕೊಟ್ಟೂರು ಅಂದ. ಅಲ್ಲಿಗೆ ಗಾಡಿ ನಿಂತಿತು. ಎದೆ ಮೇಲೆ ಕೆಳಗೆ ಆಗುವುದು ಅಂಗಿಯ ಹೊರಗೆ ಕಾಣುತ್ತಿತ್ತು. ನಾನು ಕಾಯ್ದೆ. ಹಗರಿಬೊಮ್ಮನಹಳ್ಳಿ ಅಷ್ಟು ಉದ್ದದ ಹೆಸರು ಅಂತ ನನಗೆ ಅವತ್ತೇ ಗೊತ್ತಾದದ್ದು. ಎರಡು ಕಂತಿನಲ್ಲಿ ಹೇಳಿದ. ಹೊಸಪೇಟೆ ಮುಟ್ಟಲಿಲ್ಲ. ಈ ಸಲ ಯಾರೂ ನಗಲಿಲ್ಲ.

ಮತ್ತೆ ಸಿಂಪಡಿಸಿದರು. ಹಾಗಲಕಾಯಿ ತಿಂದ ಮುಖವನ್ನು, ಬೇವಿನ ಕಷಾಯ ಕುಡಿದ ಮುಖವನ್ನು ನೀವೂ ನೋಡಿದ್ದೀರಿ. ಅದನ್ನು ಮುಚ್ಚಿಡಲು ಯಾರಿಗೂ ಬರುವುದಿಲ್ಲ. ಇಮಾಮಣ್ಣನ ಎಡಗಣ್ಣು ಮುಚ್ಚಿಕೊಂಡಿತು. ಹಣೆ ಗಂಟಾಯಿತು. ಗಂಟಲಮಣಿ ಮೇಲೆ ಹೋಗಿ ಕೆಳಗೆ ಇಳಿಯಿತು. ನುಂಗಿದ.

ಕಹಿ ಐತೇನಣ್ಣ ಅಂತ ಕೇಳಿದೆ. ಇಲ್ರಿ ಅಂದ.

ಟ್ರೇನರ್ ಸಿಂಪಡಿಸುವುದು ನಿಲ್ಲಿಸಿದರು. ಅವರಿಗೆ ಆ ಕೆನ್ನೆ ನೆನಪಿತ್ತು. ಖಾತ್ರಿಯಾ ಅಂತ ಇನ್ನೊಮ್ಮೆ ಕೇಳಿ ಅಂದರು. ಒಳ್ಳೆಯ ಮನುಷ್ಯ. ನಾನು ಒಂದು ಮಾತು ಹೇಳಿದ್ದರೆ ಆ ಶೀಟನ್ನು ಹರಿದು ಹಾಕುತ್ತಿದ್ದರು. ಹರಿದು ಹಾಕಿ ಚೆನ್ನೈಗೆ ಹೋಗುತ್ತಿದ್ದರು. ಇಮಾಮಣ್ಣ ಗುಡ್ಡದ ಬುಡಕ್ಕೆ ಹೋಗುತ್ತಿದ್ದ. ಹೇಳದಿದ್ದರೆ ಅದೇ ಸಂದಿನ ಮಾಸ್ಕ್ ಹಾಕಿಕೊಂಡು ನಾಳೆಯಿಂದ ಗಿರಣಿಯ ಮುಂದೆ ನಿಲ್ಲುತ್ತಾನೆ. ಮೇಷ್ಟ್ರೇ, ಯಾವುದು ಸರಿ ಉತ್ತರ?

ಇನ್ನೊಮ್ಮೆ ಕೇಳಿದೆ. ಪ್ಲಾಸ್ಟಿಕ್ ಕಿಟಕಿಯ ಒಳಗಿನಿಂದ ಇಮಾಮಣ್ಣ ನೇರ ನನ್ನ ಕಣ್ಣು ನೋಡಿದ. ಅವನ ಕಣ್ಣಲ್ಲಿ ನೀರಿತ್ತು.

“ಇಲ್ಲಂತ ಹೇಳ್ರಿ ಸರ ಅವರಿಗೆ.”

ಹೇಳಿದೆ. ಒಳ್ಳೇ ಇಂಗ್ಲಿಷಿನಲ್ಲಿ ಹೇಳಿದೆ. ಟ್ರೇನರ್ ‘ಫಿಟ್’ ಅಂತ ಬರೆದರು. ಕೆಳಗೆ ನಾನು ಸಹಿ ಮಾಡಿದೆ.

ಅವನ ಬಾಯಿ ಹೇಳಿದ್ದನ್ನು ಅಕ್ಷರ ಬಿಡದೆ ಅನುವಾದ ಮಾಡಿದೆ. ಅವನ ಮುಖ ಹೇಳಿದ್ದನ್ನು ಯಾರು ಮಾಡಬೇಕಿತ್ತು?